ಹೊಸಿಲು ದಾಟದ ಪುಸ್ತಕ

ಪುಸ್ತಕ ಇಟ್ಟುಕೊಂಡವನಿಗೆ ಸಿಗುವ ಮರ್ಯಾದೆ ಪುಸ್ತಕ ಓದಿದವನಿಗೆ ಸಿಗುವುದಿಲ್ಲ. ಓದಿದವನು ಅದನ್ನು ತೋರಿಸಿಕೊಳ್ಳಲು ಬಾಯಿ ಬಿಡಬೇಕು. ಇಟ್ಟುಕೊಂಡವನು ಬೀರುವಿನ ಬಾಗಿಲು ತೆಗೆದರೆ ಸಾಕು. ಇದನ್ನು ನಂಬಿ ನಾನು ಲಕ್ಷ್ಮೀಪುರಂನಲ್ಲಿ ಬಹಳ ಕಾಲ ಸುಖವಾಗಿದ್ದೆ. ಮೈಸೂರಿನ ಸುತ್ತಮುತ್ತಲ ಕೆರೆಗಳ ಬಗ್ಗೆ ಯಾರೋ ಪುಣ್ಯಾತ್ಮರು ಬರೆದ ಹಳೆಯ ಪುಸ್ತಕವೊಂದು ನನ್ನಲ್ಲಿದೆ. ಮಾವನವರು ಮನೆ ಬದಲಿಸುವಾಗ ಭಾರವೆಂದು ನನಗೆ ದಾಟಿಸಿದ್ದು. ಬೇರೆಲ್ಲೂ ಸಿಗದು ಎಂಬ ಪ್ರತೀತಿ ಇತ್ತು. ಪ್ರತೀತಿ ಹುಟ್ಟಿಸಿದವನೂ ನಾನೇ. ಬೋಗಾದಿಯ ಬಾಡಿಗೆ ರೂಮುಗಳಿಂದ ಸಂಶೋಧನೆಯ ಹುಡುಗ ಹುಡುಗಿಯರು ಮನೆ ಹುಡುಕಿಕೊಂಡು ಬರುತ್ತಿದ್ದರು. ಪುಸ್ತಕ ಮಾತ್ರ ಹೊಸಿಲು ದಾಟುವಂತಿರಲಿಲ್ಲ. ಪುಸ್ತಕ, ಹೆಂಡತಿ, ಹಣ ಪರರ ಕೈ ಸೇರಿದರೆ ಹೋದಂತೆಯೇ ಎಂದು ಹಿರಿಯರು ಹೇಳಿದ್ದಾರೆ. ಉಳಿದೆರಡನ್ನು ನನ್ನಲ್ಲಿ ಯಾರೂ ಕೇಳಿಲ್ಲವಾದ್ದರಿಂದ ನನ್ನ ಎಚ್ಚರವೆಲ್ಲ ಪುಸ್ತಕದ ಮೇಲಿತ್ತು. ಬಂದವರನ್ನು ಹಜಾರದಲ್ಲಿ ಕೂರಿಸಿ, ನುಸಿಗುಳಿಗೆಯ ವಾಸನೆ ಹೊಡೆಯುವ ಆ ನಿಧಿಯನ್ನು ಕೈಗಿತ್ತು, ಎದುರಿಗೆ ಕೂತು ವಿವರಿಸಲು ತೊಡಗುತ್ತಿದ್ದೆ. ಪಾಪ, ಯಾರೂ ಒಂದೆರಡು ಪುಟದಾಚೆ ಹೋದದ್ದಿಲ್ಲ.

"ಅವ್ರು ಓದೋಕೆ ಬಂದಿದಾರೋ, ನಿಮ್ಮ ಹರಿಕಥೆ ಕೇಳೋಕೋ? ಬಿಟ್ಬುಡಿ ಆ ಮಕ್ಕಳನ್ನ," ಎಂದು ನನ್ನ ಹೆಂಡತಿ ವಿಮಲ ಒಳಗಿನಿಂದ ಹೇಳುತ್ತಿದ್ದಳು. ಕಾಫಿ ಮಾಡಿ ಮಾಡಿ ಸಾಕಾದವಳ ಮಾತೆಂದು ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಹೀಗಿರುವಾಗ, ಹೂಟಗಳ್ಳಿಯ ಮುಚ್ಚಿಹೋದ ಕೆರೆಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದ, ಅದೇ ಊರಿನ ಚೈತ್ರ ಫೋನ್ ಮಾಡಿದಳು. "ಸಾರ್, ಇನ್ಮೇಲೆ ನಿಮಗೆ ತೊಂದರೆ ಕೊಡಲ್ಲ. ಆ ಪುಸ್ತಕ ಆನ್‌ಲೈನಲ್ಲಿ ಬಂದ್ಬುಟ್ಟಿದೆ. ಫ್ರೀ ಸಾರ್! ಯಾರು ಬೇಕಾದ್ರೂ ಓದ್ಬೋದು." "ತುಂಬಾ ಸಂತೋಷ ಕಣಮ್ಮ," ಎಂದೆ. ಸಂತೋಷ ಎಳ್ಳಷ್ಟೂ ಆಗಿರಲಿಲ್ಲ. ಹಾಗೆಂದು ವಿರೋಧಿಸುವುದು ಹೇಗೆ? ಜ್ಞಾನ ಎಲ್ಲರಿಗೂ ತಲುಪಬೇಕೆಂದು ನಮ್ಮ ಬಡಾವಣೆಯ ಸಮಾರಂಭದಲ್ಲಿ ಹಾರ ಹಾಕಿಸಿಕೊಂಡು ಭಾಷಣ ಮಾಡಿದವನು ನಾನು. ತಲುಪಲಿ, ಆದರೆ ನಮ್ಮ ಮನೆಯ ಮೂಲಕ ತಲುಪಲಿ ಎಂಬುದಷ್ಟೇ ನನ್ನ ಸಣ್ಣ ತಿದ್ದುಪಡಿಯಾಗಿತ್ತು. ಆಮೇಲೆ ಗೇಟಿನ ಸದ್ದಾದರೆ ಹಾಲಿನವನು ಅಥವಾ ಕೊರಿಯರಿನವನು. ಅವರಿಗೆ ಕೆರೆಗಳಲ್ಲಿ ಆಸಕ್ತಿ ಇರಲಿಲ್ಲ. "ಕಾಫಿಪುಡಿ ತಿಂಗಳ ಕೊನೆವರೆಗೂ ಬರ್ತಿದೆ ಕಣ್ರೀ," ಎಂದು ವಿಮಲ ಗಾಯಕ್ಕೆ ಉಪ್ಪು ಸವರಿದಳು. ನನಗೆ ನಿಜಕ್ಕೂ ಬೇಜಾರಾಗಿತ್ತು.

ಕೆಲವು ದಿನಗಳ ನಂತರ ಮತ್ತೆ ಚೈತ್ರಳ ಫೋನು. ಆನ್‌ಲೈನ್ ಪ್ರತಿಯಲ್ಲಿ ಅರವತ್ತೊಂದನೆಯ ಪುಟವಾದ ಮೇಲೆ ಅರವತ್ತನಾಲ್ಕು ಬರುತ್ತದೆ. ಪರಿವಿಡಿಯ ಪ್ರಕಾರ ಹೂಟಗಳ್ಳಿಯ ವಿಷಯ ಇರುವುದು ನಡುವಿನ ಎರಡು ಪುಟಗಳಲ್ಲೇ. ಅದಿಲ್ಲದೆ ಅವಳ ಅಧ್ಯಾಯ ನಿಂತುಹೋಗಿದೆ. "ನಾಳೆ ಬರ್ಲಾ ಸಾರ್?" ನಾನು ಕುಣಿಯುವುದೊಂದು ಬಾಕಿ. "ಬಾರಮ್ಮ! ಇಡೀ ಪುಸ್ತಕದ ಜೀವಾಳ ಇರೋದೇ ಆ ಎರಡು ಪುಟದಲ್ಲಿ. ಎಷ್ಟು ಸಲ ಓದಿದೀನೋ ಲೆಕ್ಕವೇ ಇಲ್ಲ. ಕಂಪ್ಯೂಟರಿಗೇನು ಗೊತ್ತು ಅದರ ಬೆಲೆ?"

ಮರುದಿನ ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು, ಅವಳೆದುರು ಪುಸ್ತಕ ಬಿಚ್ಚಿದೆ. ಅರವತ್ತೊಂದು. ಹಾಳೆ ಮಗುಚಿದೆ. ಅರವತ್ತನಾಲ್ಕು. ಬೆರಳಿಗೆ ಎಂಜಲು ಹಚ್ಚಿಕೊಂಡು ಮತ್ತೆ ಮಗುಚಿದೆ. ಮತ್ತೂ ಅರವತ್ತನಾಲ್ಕೇ. ಚೈತ್ರ ಬಗ್ಗಿ ನೋಡಿದಳು. "ಸಾರ್, ಈ ಎರಡು ಹಾಳೆ ಅಂಚಲ್ಲಿ ಕೂಡ್ಕೊಂಡಿವೆ. ಪ್ರೆಸ್ಸಲ್ಲಿ ಮಡಿಕೆ ಕತ್ತರಿಸೇ ಇಲ್ಲ. ಸ್ಕ್ಯಾನ್ ಮಾಡಿದ ಪ್ರತೀಲೂ ಇಂಗೇ ಇತ್ತೇನೋ. ಅಂದ್ರೆ ಒಳಗಿರೋದನ್ನ ಯಾರೂ..." ಎಂದವಳು ಅಲ್ಲಿಗೇ ನಿಲ್ಲಿಸಿ, ದೊಡ್ಡ ಮನಸ್ಸಿನಿಂದ ನೆಲ ನೋಡಿದಳು. ಕಾಫಿ ತಂದ ವಿಮಲಳಿಗೆ ಅಂಥ ದಾಕ್ಷಿಣ್ಯವಿಲ್ಲ. "ಲೆಕ್ಕವಿಲ್ಲದಷ್ಟು ಸಲ ಓದಿದೀನಿ ಅಂದ್ರಲ್ರೀ, ಯಾವ ಸಂದೀಲಿ ತೂರಿ ಓದಿದ್ರಿ?" ನಾಚಿಕೆಯಿಂದ ಜುಬ್ಬಾದೊಳಗೇ ಕುಗ್ಗಿದೆ. ಅವಳು ಒಳಗೆ ಹೋಗಿ ಹುರುಳಿಕಾಯಿ ಹೆಚ್ಚುವ ಚಾಕು ತಂದು ಚೈತ್ರಳ ಕೈಗೆ ಕೊಟ್ಟಳು. "ನೀನೇ ಬಿಡಿಸಮ್ಮ, ಇವರು ಜೀವಾಳ ಹರಿದುಬುಟ್ಟಾರು."

ಹಾಳೆ ಬಿಡಿಸಿದ ಚೈತ್ರ ಒಂದೆರಡು ಸಾಲು ಓದಿ ಎದ್ದೇ ನಿಂತಳು. "ಸಾರ್, ನಮ್ಮಜ್ಜಿ ಹೇಳ್ತಿದ್ದ ತೂಬು! ಸುಳ್ಳು ಅನ್ಕೊಂಡಿದ್ದೆ, ಇಲ್ಲೇ ಅದೆ!" ನಿಂತೇ ಎರಡೂ ಪುಟ ಗಟ್ಟಿಯಾಗಿ ಓದಿದಳು. ಆ ಹಜಾರದಲ್ಲಿ ನಾನು ಸುಮ್ಮನೆ ಕೂತು ಕೇಳಿದ್ದು ಅದೇ ಮೊದಲು. ಪುಣ್ಯಾತ್ಮರು ಬಹಳ ಚೆನ್ನಾಗಿ ಬರೆದಿದ್ದರು. ಆಮೇಲೆ ಅವಳು ಮೊಬೈಲ್ ತೆಗೆದಳು. "ಪುಟ ಎದ್ದೇಳ್ತಿದೆ ಸಾರ್, ಸ್ವಲ್ಪ ಒತ್ತಿ ಹಿಡ್ಕೊಳಿ. ಇದನ್ನ ಆನ್‌ಲೈನ್ ಪ್ರತಿಗೆ ಸೇರಿಸೋಕೆ ಕಳಿಸ್ಲಾ?" ಚಾಕು ಮತ್ತೆ ವಿಮಲಳ ಕೈ ಸೇರಿತ್ತು. ಕಳಿಸು ಎಂದೆ.

ಈಗ ಆ ಪುಟಗಳೂ ಅಲ್ಲಿವೆ, ಎಲ್ಲರಿಗೂ ಉಚಿತ. ಯಾವ ದೇಶದಲ್ಲಿ ಯಾರೇ ತೆರೆಯಲಿ, ಕೆರೆಯ ವಿವರದ ಕೆಳಗೆ, ಪುಸ್ತಕವನ್ನು ಬಿಡೆನೆಂದು ಅದುಮಿ ಹಿಡಿದಿರುವ ನನ್ನ ಹೆಬ್ಬೆರಳು ಉಗುರು ಸಮೇತ ಕಾಣುತ್ತದೆ.