ಮುತ್ತಲಬೆಂಚಿಯ ಬೀಗವಿಜಯ

ಸ್ವಸ್ತಿ! ಸಮಸ್ತ ಭುವನಕ್ಕೆ ಶೌಚಾಲಯಗಳನ್ನು ಸಾರಿ, ಕಟ್ಟಿ, ಹಾರ ಹಾಕಿ, ಬೀಗ ಜಡಿದ ಶ್ರೀಮದುದ್ಘಾಟನಾಯುಗದಲ್ಲಿ, ಮುತ್ತಲಬೆಂಚಿಯೆಂಬ ಧೂಳಿಧೂಸರಿತ ಬಸ್ ನಿಲ್ದಾಣದೊಳ್, ಸೀಟಿಯೇ ಪಾಂಚಜನ್ಯವಾಗಿ, ಟಿಕೆಟ್ ಯಂತ್ರವೇ ವಕ್ಷಕವಚವಾಗಿ ಮೆರೆದ ಚಿಲ್ಲರೆಕಲಹವಿಜಯಿನಿ, ಕಂಡಕ್ಟರ್ ಕಸ್ತೂರಿ ಮಾದರಳು ಹೂಡಿದ ಮಹಾಸಮರವನ್ನು ಹೇಳುತ್ತೇನೆ, ಆಕಳಿಸದೆ ಕೇಳಿ.

ವೈರಿ ಹೊರಗಿನವನಲ್ಲ. ಹಿಂದೊಮ್ಮೆ ಅವಳ ಬಲಗಡೆಯ ಮೂತ್ರಪಿಂಡದಲ್ಲಿ ಹುಟ್ಟಿ, ತುಂಬಿದ ಬಸ್ಸಿನಲ್ಲಿ ಅವಳನ್ನು ಮೀನಿನಂತೆ ಹೊರಳಾಡಿಸಿ, ಆಸ್ಪತ್ರೆಯಲ್ಲಿ ಹತನಾಗಿ, ಈಗ ಎಡಗಡೆ ಮರುಜನ್ಮ ತಾಳಿದ, ಕಲ್ಲೆಂಬ ಅಶ್ಮಾಸುರನೇ ಅವನು. "ನೀರು ಕುಡೀಬೇಕವ್ವ. ಇಲ್ಲಂದ್ರ ಕಲ್ಲು ತಗದಂಗ ತಗದಂಗ ಹುಟ್ಟತಾವು, ಕಡೀಕ ಕಿಡ್ನೀನ ಹೋಗತೈತಿ" ಎಂದಿದ್ದರು ಡಾಕ್ಟರು. ಆದರೆ ಕಂಡಕ್ಟರಿಣಿಯರ ಗುರುಪರಂಪರೆಯ ಉಪದೇಶವೇ ಬೇರೆ: "ಡ್ಯೂಟಿ ಮ್ಯಾಲ ಕುಡೀಬ್ಯಾಡ, ತುಟಿ ತೋಯಿಸ್ಕೋ." ಹೀಗಾಗಿ ಮುಂಜಾನೆ ತುಂಬಿದ ಬಾಟ್ಲಿ ಸಂಜೆ ತುಂಬಿಕೊಂಡೇ ಮನೆಗೆ ಮರಳುತ್ತಿತ್ತು.

ಆ ದಿನ ಮಾತ್ರ ಕಸ್ತೂರಿ ಗುರುದ್ರೋಹಕ್ಕೆಳಸಿ, ದೊಡ್ಡ ಬಾಟ್ಲಿಯಲ್ಲಿ ಅರ್ಧ ಗಟಗಟ ಇಳಿಸಿದಳು. ಮುತ್ತಲಬೆಂಚಿ ಬರುವಷ್ಟರಲ್ಲಿ ಒಳಗೆ ಮಹಾಪೂರ! ಎದುರಿಗೆ ಮಹಿಳಾ ಶೌಚಾಲಯ; ಬಾಗಿಲಿಗಿಂತ ಅಗಲವಾದ, ಮಂತ್ರಿನಾಮಾಂಕಿತ ಅಮೃತಶಿಲೆ; ಅದರ ಕೆಳಗೆ ತೆಂಗಿನಕಾಯಿ ಗಾತ್ರದ ಬೀಗ. ಒಳಗೆ ನಿಲ್ದಾಣದ ಕಂಟ್ರೋಲರ್ ಈರಪಯ್ಯನ ಉಳ್ಳಾಗಡ್ಡಿ ಚೀಲಗಳು. ಬೀಗದ ಕೈ ಅವನ ಉಡದಾರದಲ್ಲಿ.

ದ್ವಾರಪಾಲಕುಲತಿಲಕನು ಗರ್ಜಿಸಿದನು: "ಏನವಾ, ಯಾರ ಮುಂದ ನಿಂತೀ? ಮಂತ್ರಿಗಳು ಕತ್ರಿ ಹಾಕಿದ ಬಾಗಿಲದು! ಅವತ್ತಿನಿಂದ ಒಬ್ಬಾಕಿನೂ ಒಳಗ ಹೋಗಿ ಹೊಲಸ ಮಾಡಿಲ್ಲ. ಅದೂ ನಿಮ್ಮಂಥಾಕಿಗೆ ತಗೀಲೇನು? ಅಲ್ಲಿ ಜಾಲಿಕಂಟಿ ಐತಿ, ಹೋಗು."

ನಿಮ್ಮಂಥಾಕಿ ಎಂಬ ಶರವು ಎಲ್ಲಿಂದ ಹೊರಟು ಎಲ್ಲಿ ನಾಟಬೇಕೆಂದು ಹೂಡಿದ್ದೆಂಬುದನ್ನು ಕಸ್ತೂರಿ ಹುಟ್ಟಿದಂದಿನಿಂದ ಬಲ್ಲಳು. ಹೊಟ್ಟೆ ಅದುಮಿಕೊಂಡು ನುಡಿದಳು: "ಸಾಹೇಬ್ರ, ನೀವು ಗ್ವಾಡಿ ಕಂಡಲ್ಲಿ ನಿಲ್ಲೋ ಮಂದಿ. ನಾ ಕಂಟ್ಯಾಗ ಕುಂತ್ರ ಇಡೀ ಬಸ್ಸು ಕಿಡಕ್ಯಾಗ ಬರತೈತಿ. ಚಾವಿ ಕೊಡ್ರಿ. ಇಲ್ಲಂದ್ರ ಈ ಸೀಟಿ ಊದೂದಿಲ್ಲ. ಗಾಡಿ ಇಲ್ಲೇ ಬೇರು ಬಿಡ್ಲಿ!"

ಸಾರಥಿ ಮೌಲಾಸಾಬನು ಸ್ಟೇರಿಂಗ್ ಬಿಟ್ಟು ಕೈಕಟ್ಟಿದನು: "ಸೀಟಿ ಇಲ್ದ ಗಾಡಿ ಎತ್ತಿದ್ರ ನಾ ಡ್ರೈವರ್ರ ಅಲ್ಲ." ಹಿಂದೆ ಸಾಲುಗಟ್ಟಿದ ಬಸ್ಸುಗಳ ಹಾರನ್ನುಗಳು ರಣಭೇರಿಯಾದವು. ಕೋರ್ಟಿನ ತಾರೀಖಿದ್ದ ಪ್ರಯಾಣಿಕನೊಬ್ಬ ಕಾನೂನು ಹೇಳತೊಡಗಿದ. ಆಗ ಕಿಟಕಿಯಿಂದ, ಬೋಳುಬಾಯಿಯ ಮುದುಕಿಯೊಬ್ಬಳು ಬ್ರಹ್ಮಾಸ್ತ್ರ ಬಿಟ್ಟಳು:

"ಏ ಅಯ್ಯಾ! ನಿನ್ನ ಹಡದಾಕಿನೂ ಉಚ್ಚಿ ಹೊಯ್ದಾಳೋ! ಕೊಡೋ ಚಾವಿ!"

ಬಸ್ಸಿಗೆ ಬಸ್ಸೇ ನಕ್ಕಿತು. ಹೆಂಗಸರ ಮಾನಕ್ಕೆ ಬೀಗ ಹಾಕಿದ್ದ ಮಹಾಶಯನು, ಸಮಸ್ತ ಜನಸ್ತೋಮದೆದುರು ಅಂಗಿ ಎತ್ತಿ, ಪ್ಯಾಂಟು ಸಡಿಲಿಸಿ, ಉಡದಾರ ತಡಕಾಡಿ ಶರಣಾದನು.

ಉಳ್ಳಾಗಡ್ಡಿ ಚೀಲಗಳು ಉರುಳಿದವು. ವೀರಾಗ್ರಣಿ ಒಳಹೊಕ್ಕಳು. ಆಕಾಶದಿಂದ ಹೂಮಳೆ ಸುರಿಯಲಿಲ್ಲ. ನಲ್ಲಿಯಿಂದ ನೀರೂ ಸುರಿಯಲಿಲ್ಲ. ಅಶ್ಮಾಸುರಸಂಹಾರಕ್ಕೆಂದು ಉಳಿಸಿಟ್ಟಿದ್ದ ಅರ್ಧ ಬಾಟ್ಲಿಯನ್ನು ಅವಳು ಅಲ್ಲಿಯೇ ಸುರಿದು ಹೊರಬಂದಳು. ಬಾಗಿಲಲ್ಲಾಗಲೇ ಬಸ್ಸಿನ ಹೆಂಗಸರೆಲ್ಲ ಸಾಲು ನಿಂತಿದ್ದರು, ಕೈಯಲ್ಲಿ ಒಂದೊಂದು ಬಾಟ್ಲಿ.

ಕೊನೆಯವಳು ಹತ್ತಿದ ಮೇಲೆ ಕಸ್ತೂರಿ ಸಾರಥಿಗೆ ಎಂದಳು: "ಅಣ್ಣಾ, ಬಾಯಿ ಒಣಗೈತಿ. ಮುಂದಿನ ಸ್ಟ್ಯಾಂಡಿನಾಗ ನೀರು ತುಂಬ್ಕೊಂತೀನಿ."

"ತುಂಬ್ಕೋ ತಂಗಿ. ಕುಡಿಯೂಕಿಂತ ಮೊದಲ, ಅಲ್ಲಿ ಚಾವಿ ಯಾರ ಉಡದಾರದಾಗ ಐತಿ, ಕೇಳ್ಕೋ."

ಬೀಗವಿಜಯಿನಿಯು ಬಾಟ್ಲಿಯನ್ನು ಬೋರಲು ಹಾಕಿ, ತಳದ ಹನಿಯಲ್ಲಿ ತುಟಿ ತೋಯಿಸಿಕೊಂಡು, ಸೀಟಿ ಊದಿದಳು.