ಹುರಮಂಜು ಹಚ್ಚಿದ ಗಿಟಾರು

ಬಿಚ್ಚಲು ಬಂದವನಿಗೆ ಜೋಡಿಸಲೂ ಬರುತ್ತದೆ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಈ ನಂಬಿಕೆಗೆ ಮೊದಲು ಬಲಿಯಾದದ್ದು ಸನಮಡಿಯ ನಮ್ಮ ಮಾವನವರ ರೇಡಿಯೋ. ಮದುವೆಯಾದ ಹೊಸತರಲ್ಲಿ, ಅಳಿಯನ ಬುದ್ಧಿವಂತಿಕೆ ಅವರಿಗೂ ತಿಳಿಯಲಿ ಎಂದು ಅದನ್ನು ಬಿಚ್ಚಿ, ಧೂಳು ಊದಿ, ಮತ್ತೆ ಜೋಡಿಸಿದೆ. ನಾಲ್ಕು ಹಿತ್ತಾಳೆಯ ಸ್ಕ್ರೂ ಉಳಿದವು. "ಕಂಪನ್ಯಾವ್ರು ಯಾವಾಗ್ಲೂ ನಾಕು ಹೆಚ್ಚಿಗಿ ಹಾಕಿರ್ತಾರ್ರಿ" ಎಂದು ಹೇಳಿ ಜೇಬಿಗೆ ಹಾಕಿಕೊಂಡೆ. ಅಂದಿನಿಂದ ಆ ರೇಡಿಯೋ ಗೊರ್ ಎನ್ನುವುದನ್ನು ಬಿಟ್ಟು ಬೇರೆ ಮಾತಾಡಲಿಲ್ಲ. ಸನಮಡಿಯಲ್ಲಿ ನನಗೆ 'ನಾಕು ಸ್ಕ್ರೂ ಮಾಸ್ತರ' ಎಂಬ ಹೆಸರು ಬಿತ್ತು.

ಆಗ ನಾನು ಗಡಿನಾಡಿನ ಸಂಖದ ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಹೆಂಡತಿ ಶಾಂತಾ ತವರಿಗೆ ಹೋಗಿ ಬಂದಾಗಲೆಲ್ಲ ಮುಖ ಸಣ್ಣದು ಮಾಡಿಕೊಂಡು ಬರುತ್ತಿದ್ದಳು. ಯಾಕೆಂದು ನಾನು ಕೇಳುತ್ತಿರಲಿಲ್ಲ, ಅವಳೂ ಹೇಳುತ್ತಿರಲಿಲ್ಲ. ನನಗೆ ಮಾತ್ರ ಒಳಗೊಳಗೇ ಚುಚ್ಚುತ್ತಿತ್ತು. ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ಅವಳ ತಮ್ಮನ ಲಗ್ನ ಗೊತ್ತಾಯಿತು. ಹೋದ ಮಾನವನ್ನು ಮರಳಿ ತರಲು ಇದೇ ತಕ್ಕ ಸಮಯ ಎಂದು ತೀರ್ಮಾನಿಸಿದೆ.

ಜತ್ತದ ಟೆಂಟು ಸಿನೆಮಾದಲ್ಲಿ ಹಣೆಯ ಮೇಲೆ ಕೂದಲು ಇಳಿಬಿಟ್ಟ ನಾಯಕ ಕರೆಂಟಿನ ಗಿಟಾರು ಬಾರಿಸುವುದನ್ನು ನೋಡಿದ್ದೆ. ಲಗ್ನದ ಹಂದರದಲ್ಲಿ ನಾನೂ ಹಾಗೆ ಬಾರಿಸಬೇಕು ಎನಿಸಿತು. ಅಷ್ಟರಲ್ಲೇ ಮಾಸಪತ್ರಿಕೆಯೊಂದರಲ್ಲಿ ಜಾಹೀರಾತು ಕಣ್ಣಿಗೆ ಬಿತ್ತು: ಬಿಡಿ ಭಾಗಗಳಲ್ಲಿ ಗಿಟಾರು, ಅಂಚೆಯಲ್ಲಿ ಮನೆಗೇ ಬರುತ್ತದೆ, ಚಿಕ್ಕ ಮಕ್ಕಳೂ ಜೋಡಿಸಬಹುದು. ನಾನು ಚಿಕ್ಕ ಮಗುವಾಗಿರಲಿಲ್ಲ. ತೊಂದರೆಯಾದದ್ದು ಅಲ್ಲೇ ಇರಬೇಕು.

"ನಿಮಗ ಬಾರಸಾಕ ಬರ್ತೈತೇನ್ರಿ?" ಎಂದು ಶಾಂತಾ ಕೇಳಿದಳು.

"ಮೊದಲ ಕಟ್ಟೂದು, ಆಮ್ಯಾಲ ಬಾರಸೂದು. ಮನಿ ಕಟ್ಟೂಕಿಂತ ಮೊದಲ ಯಾರರ ಒಳಗ ಹೋಗಿ ಕುಂದರ್ತಾರೇನು?"

ಅವಳು ರೊಟ್ಟಿ ಬಡಿಯತೊಡಗಿದಳು. ಬಡಿತ ಸ್ವಲ್ಪ ಜೋರಾಗಿತ್ತು.

ಪಾರ್ಸಲ್ ಬಂತು. ಮರದ ಹೊಟ್ಟೆ, ಮರದ ಕೊರಳು, ಆರು ತಂತಿ, ತಿರುವುವ ಕಿವಿಗಳು, ತಂತಿಯ ದನಿ ಹಿಡಿಯುವ ಅಯಸ್ಕಾಂತದ ಡಬ್ಬಿ ಒಂದು, ಮತ್ತು ಇಂಗ್ಲಿಷಿನ ಒಂದು ಹಾಳೆ. ಆ ಹಾಳೆಯ ತುದಿಯಲ್ಲಿ ಒಟ್ಟು ಸ್ಕ್ರೂ ಇಪ್ಪತ್ತೆರಡು ಎಂದು ಬರೆದಿತ್ತು. ಹಳೆಯ ಅನುಭವದಿಂದ ಪಾಠ ಕಲಿತವನಾದ್ದರಿಂದ ಮೊದಲು ಅವನ್ನೇ ಎಣಿಸಿ ತಟ್ಟೆಯಲ್ಲಿಟ್ಟೆ. ಈ ಸಲ ಒಂದೂ ಉಳಿಯಕೂಡದು!

ಉಳಿಯಲಿಲ್ಲ. ಕಡಿಮೆ ಬಿದ್ದವು. ಗಟ್ಟಿ ಮರದಲ್ಲಿ ತಿರುಗಲೊಲ್ಲದ ಸ್ಕ್ರೂಗಳಿಗೆ ಸುತ್ತಿಗೆಯಿಂದ ಸ್ವಲ್ಪ ತಿಳಿಹೇಳಲು ಹೋಗಿ ನಾಲ್ಕನ್ನು ಸೊಟ್ಟ ಮಾಡಿದೆ. ಆಗ ನೆನಪಾದವು, ಇಷ್ಟು ವರ್ಷ ಡಬ್ಬಿಯಲ್ಲಿ ಕಾಪಾಡಿಕೊಂಡು ಬಂದಿದ್ದ ರೇಡಿಯೋದ ಆ ನಾಲ್ಕು ಹಿತ್ತಾಳೆಯ ಸ್ಕ್ರೂಗಳು. ಅಯಸ್ಕಾಂತದ ಡಬ್ಬಿಯ ಕೆಳಗೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಅವನ್ನು ಬಿಗಿದು ನಿಟ್ಟುಸಿರುಬಿಟ್ಟೆ.

ನಮ್ಮೂರಿನ ಮೈಕಿನ ದಸ್ತಗೀರಸಾಬ ತನ್ನ ಮಷೀನಿಗೆ ಗಿಟಾರು ಹಚ್ಚಿ ನೋಡಿದ. ನಾನು ತಂತಿ ಮೀಟಿದೆ. ಕಹಳೆಯಂಥ ಭೋಂಗಾದಿಂದ ಹೊರಟ ದನಿಗೆ ಓಣಿಯ ನಾಯಿಗಳೆಲ್ಲ ಎದ್ದು ನಿಂತವು.

"ಮಾಸ್ತರ್, ಇದರಾಗ ಎಮ್ಮಿ ಹೊಕ್ಕೈತೇನ್ರಿ?" ಎಂದ.

"ಬಣ್ಣ ಹಚ್ಚಿದ ಮ್ಯಾಲೆ ದನಿ ಮಿದು ಆಗ್ತೈತಿ" ಎಂದೆ. ಯಾವ ಆಧಾರದಿಂದ ಹೇಳಿದೆನೋ ನನಗೇ ತಿಳಿಯದು.

ಹಾಳೆಯಲ್ಲಿ ಹೇಳಿದ ಬಣ್ಣ ಸಂಖದಲ್ಲಿ ಎಲ್ಲಿ ಸಿಗಬೇಕು? ಪಕ್ಕದ ಮನೆಯಲ್ಲಿ ಹೋದ ವರ್ಷದ ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಹಚ್ಚಿ ಉಳಿದ ಹುರಮಂಜು ಇತ್ತು. ಆ ಕೆಂಪು ಪುಡಿಯನ್ನು ಬಿಸಿಲು ಮಳೆಯಲ್ಲಿ ತಿರುಗುವ ಎತ್ತು ತಲೆಯ ಮೇಲೆ ಹೊತ್ತಿರುವಾಗ, ನೆರಳಲ್ಲಿರುವ ಗಿಟಾರಿಗೆ ಅದು ಸಾಲದೇ? ಮನೆಯಲ್ಲಿದ್ದ ಕುಸುಬಿ ಎಣ್ಣೆಯಲ್ಲಿ ಕಲಸಿದೆ. ಹಳೆಯ ವಾಡೆಗಳ ಗಾರೆಗೆ ಬೆಲ್ಲ ಹಾಕುತ್ತಿದ್ದರೆಂದು ಎಲ್ಲೋ ಓದಿದ್ದು ನೆನಪಾಗಿ, ಬಣ್ಣ ಗಟ್ಟಿಯಾಗಲೆಂದು ಎರಡು ಅಚ್ಚು ಬೆಲ್ಲ ಕರಗಿಸಿ ಸುರಿದೆ.

"ಬಣ್ಣ ಮಾಡಾಕತ್ತೀರೋ, ಹೂರಣ ಮಾಡಾಕತ್ತೀರೋ?" ಎಂದು ಕೇಳಿ ಶಾಂತಾ ಬೆಲ್ಲದ ಡಬ್ಬಿ ಎತ್ತಿಟ್ಟಳು.

ಮೂರು ಸಲ ಹಚ್ಚಿದೆ. ಏನು ಹೊಳಪು, ಏನು ಬಣ್ಣ! ಒಣಗಲಿಲ್ಲ, ಅಷ್ಟೇ. ನಾಲ್ಕು ದಿನ ಬಿಟ್ಟು ಮುಟ್ಟಿದೆ, ಬೆರಳು ಅಂಟಿತು. ಹತ್ತು ದಿನ ಬಿಟ್ಟು ಮುಟ್ಟಿದೆ, ಹತ್ತೂ ಬೆರಳು ಅಂಟಿದವು. ಸದರಿ ವಾದ್ಯದ ಮೇಲೆ ನೊಣ, ಇರುವೆ, ಬೇವಿನ ಎಲೆ, ಒಂದು ಕೋಳಿಪುಕ್ಕ ಇಷ್ಟು ಕಾಯಂ ಆಗಿ ನೆಲೆಸಿದವು. ಲಗ್ನಕ್ಕೆ ಹೊರಡುವ ದಿನ ಮರಾಠಿ ಪೇಪರಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತೆ. ಇಳಿದು ಬಿಚ್ಚಿದರೆ ಪೇಪರಿನ ಅಕ್ಷರವೆಲ್ಲ ಗಿಟಾರಿನ ಹೊಟ್ಟೆಯ ಮೇಲೆ ಉಲ್ಟಾ ಮೂಡಿತ್ತು.

"ಹಾಡು ಮರತ್ರ ಅದನ್ನರ ಓದ್ರಿ" ಎಂದಳು ಶಾಂತಾ.

ಲಗ್ನದ ಮನೆಯಲ್ಲಿ ಮಕ್ಕಳ ಕೈ ತಪ್ಪಿಸಿ ಒಣಗಿಸಲು ಒಂದೇ ಒಂದು ಜಾಗವಿತ್ತು. ದನದ ಕೊಟ್ಟಿಗೆ. ಗೋಡೆಯ ಗೂಟಕ್ಕೆ ಗಿಟಾರು ತೂಗುಹಾಕಿ, ನಾನು ನೆಮ್ಮದಿಯಿಂದ ಉಪ್ಪಿಟ್ಟು ತಿನ್ನಲು ಹೋದೆ. ಆ ಗೂಟದ ಕೆಳಗೆ ಕಟ್ಟಿದ್ದು ಸರ್ಜಾ. ಮದುಮಗನನ್ನು ಹನುಮಪ್ಪನ ಗುಡಿಗೆ ಕರೆದೊಯ್ಯುವ ಚಕ್ಕಡಿಗೆ ಹೂಡಬೇಕಾಗಿದ್ದ ಎತ್ತು. ತಾಯಿ ಸತ್ತ ಕರುವನ್ನು ಮಾವನವರು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದರು. ಸರ್ಜಾನಿಗೆ ಕುಸುಬಿ ಹಿಂಡಿ ಎಂದರೆ ಪ್ರಾಣ. ಬೆಲ್ಲ ಎಂದರೆ ಪ್ರಾಣಕ್ಕಿಂತ ಹೆಚ್ಚು. ಇದು ನನಗೆ ಆಮೇಲೆ ತಿಳಿದ ಸಂಗತಿ.

ಅರ್ಧ ತಾಸಿನಲ್ಲಿ ಕೊಟ್ಟಿಗೆಯಿಂದ ಕೂಗು ಕೇಳಿತು. "ಸರ್ಜಾನ ಬಾಯಾಗ ರಗತ ಬರಾಕತ್ತೈತಿ, ಲಗೂನ ಬರ್ರಿ!"

ಓಡಿದೆವು. ಸರ್ಜಾನ ಬಾಯಿ, ಮೂಗು, ಗದ್ದವೆಲ್ಲ ಕೆಂಪು. ಕೆಂಪು ಜೊಲ್ಲು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಎತ್ತು ಮಾತ್ರ ಬಹಳ ಪ್ರಸನ್ನವಾಗಿತ್ತು. ಮಾವನವರು ಅದರ ಕೊರಳು ತಬ್ಬಿ ನೆಲಕ್ಕೆ ಕುಸಿದರು.

"ಸರ್ಜಾಗ ಏನರ ಆದ್ರ ಇವತ್ತ ಈ ಮನ್ಯಾಗ ಮದುಮಕ್ಕಳ ಮ್ಯಾಲ ಅಕ್ಕಿಕಾಳು ಬೀಳೂದಿಲ್ಲ" ಎಂದರು. ಅವರ ಕಣ್ಣಲ್ಲಿ ನೀರಿತ್ತು.

ನಾನು ಗೋಡೆ ನೋಡಿದೆ. ಗಿಟಾರು ಬೋಳಾಗಿ, ಬೆಳ್ಳಗೆ, ನುಣ್ಣಗೆ ಹೊಳೆಯುತ್ತಿತ್ತು. ಕೋಳಿಪುಕ್ಕ ಕೂಡ ಉಳಿದಿರಲಿಲ್ಲ. ಸುಮ್ಮನೆ ಹಿಂದೆ ಸರಿಯುವವನಿದ್ದೆ. ಶಾಂತಾ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದಳು: "ನಿಮ್ಮ ಕೈ ನೋಡಕೋರಿ. ಈಗ ನೀವು ಹೇಳ್ತೀರೋ, ನಾ ಹೇಳ್ಲೋ?"

ಮುಂಗೈತನಕ ಕೆಂಪಾಗಿತ್ತು. ಹೇಳಿದೆ. ಹುರಮಂಜು, ಕುಸುಬಿ ಎಣ್ಣೆ, ಬೆಲ್ಲ, ಎಲ್ಲ ಹೇಳಿದೆ.

ಮಾವನವರು ಎದ್ದು ಬಂದು ಗಿಟಾರನ್ನು ಗೂಟದಿಂದ ಇಳಿಸಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು. "ಸ್ಕ್ರೂ ನುಂಗ್ಯಾನೇನ್ರಿ, ಮಾಸ್ತರ್ರ?"

ಗಿಟಾರಿಗೆ ಸ್ಕ್ರೂ ಎಷ್ಟು, ಈಗ ಇರುವುದೆಷ್ಟು? ಇಪ್ಪತ್ತೆರಡು ಇರಬೇಕು ಎಂದೆ. ಸಂಖ್ಯೆ ಸಿಗದ ಹೊರತು ಚಕ್ಕಡಿ ಹೂಡುವುದಿಲ್ಲ ಎಂದು ಮಾವನವರು ಪಟ್ಟು ಹಿಡಿದರು. ಅರ್ಧದಷ್ಟು ಸ್ಕ್ರೂ ಹೊರಗೆ ಕಾಣದಂತೆ ಗಿಟಾರಿನ ಒಳಗಿದ್ದವು. ಆದ್ದರಿಂದ ಹಂದರದ ನಡುವೆ ಜಮಖಾನೆ ಹಾಸಿ, ಬೀಗರು, ಬಿಜ್ಜರು, ಮದುಮಗ ಇವರೆಲ್ಲರ ಸಮಕ್ಷಮದಲ್ಲಿ ನಾನು ನನ್ನ ಗಿಟಾರನ್ನು ಬಿಚ್ಚತೊಡಗಿದೆ. ಲಗ್ನಕ್ಕೆ ಮೈಕು ಹಚ್ಚಲು ಬಂದಿದ್ದ ದಸ್ತಗೀರಸಾಬ, ಹಿಂದೆ ಕುಳಿತವರಿಗೂ ಕೇಳಲಿ ಎಂದು ಒಂದೊಂದೇ ಸ್ಕ್ರೂವನ್ನು ಮೈಕಿನಲ್ಲಿ ಸಾರಿದ.

"ಹದಿನೇಳು... ಹದಿನೆಂಟು... ಮಾಸ್ತರ್ ಬೆವರಾಕತ್ತಾರ... ಹದಿನೆಂಟಕ್ಕ ನಿಂತೈತ್ರಿ."

ಉಳಿದ ನಾಲ್ಕು ಎಲ್ಲಿವೆ ಎಂಬುದು ನನಗೊಬ್ಬನಿಗೇ ಗೊತ್ತಿತ್ತು. ಅಯಸ್ಕಾಂತದ ಡಬ್ಬಿ ಎತ್ತಿ, ಅವನ್ನೂ ಬಿಚ್ಚಿ ತಟ್ಟೆಗೆ ಹಾಕಿದೆ.

"ಇಪ್ಪತ್ತೆರಡು! ಬರೋಬರಿ!"

ಮಾವನವರು ನಿಡಿದಾಗಿ ಉಸಿರುಬಿಟ್ಟರು. ಆಮೇಲೆ ತಟ್ಟೆ ಹತ್ತಿರ ಎಳೆದುಕೊಂಡು, ಬಿಳಿ ಸ್ಕ್ರೂಗಳ ನಡುವಿನ ನಾಲ್ಕು ಹಿತ್ತಾಳೆಯವನ್ನು ಆರಿಸಿ ಅಂಗೈಯಲ್ಲಿಟ್ಟು ನೋಡಿದರು. ಒಳಗೆ ಹೋಗಿ ರೇಡಿಯೋ ತಂದರು, ನನ್ನ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡರು, ನಾಲ್ಕನ್ನೂ ತಾವೇ ಬಿಗಿದು ಗುಂಡಿ ತಿರುವಿದರು. ದಸ್ತಗೀರಸಾಬ ರೇಡಿಯೋದ ಮುಂದೆ ಮೈಕು ಹಿಡಿದ.

ರೇಡಿಯೋ ಗೊರ್ ಎಂದಿತು. ಮೊದಲಿಗಿಂತ ಗಟ್ಟಿಯಾಗಿ.

ಹಂದರಕ್ಕೆ ಹಂದರವೇ ನಕ್ಕಿತು. ಮಾವನವರು ನಕ್ಕರು. ಎಷ್ಟೋ ವರ್ಷಗಳ ಮೇಲೆ ತವರಿನಲ್ಲಿ ಶಾಂತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನೋಡಿ ನನಗೆ ಸಂತೋಷವೇ ಆಯಿತು, ಸುಳ್ಳೇಕೆ ಹೇಳಲಿ. ಕೆಂಪು ಮೂತಿಯ ಸರ್ಜಾ ಚಕ್ಕಡಿ ಎಳೆದ, ಹೊತ್ತಿಗೆ ಸರಿಯಾಗಿ ಅಕ್ಕಿಕಾಳು ಬಿದ್ದವು.

ಮರುದಿನ ಹೊರಡುವಾಗ ಮಾವನವರು ಸ್ಕ್ರೂಡ್ರೈವರನ್ನು ಮಗಳ ಕೈಗೆ ಕೊಟ್ಟು, "ತಂಗಿ, ಇದನ್ನ ನೀ ಇಟ್ಕೋ" ಎಂದರು. ಅಂದಿನಿಂದ ಅದು ಅವಳ ಮಸಾಲೆ ಡಬ್ಬಿಯ ಹಿಂದೆ ಇದೆ. ಕುರ್ಚಿಯ ಕಾಲು ಸಡಿಲಾದರೆ ಅವಳೇ ಬಿಗಿಯುತ್ತಾಳೆ. ನಾನು ತಟ್ಟೆ ಹಿಡಿದು ಪಕ್ಕದಲ್ಲಿ ನಿಂತು ಸ್ಕ್ರೂ ಎಣಿಸುತ್ತೇನೆ.