ಸಂಗನಬಸಪ್ಪ ಎಳೆದ ಹುರಿ

ಎಲ್ಲದಕ್ಕೂ ಕಾರಣ ಒಂದು ಬಿಳಿ ಹುರಿ.

ಕೃಷ್ಣರಾಜಪುರದಿಂದ ಆಚೆ, ಬಸ್ಸೂ ಬೇಸತ್ತು ನಿಂತುಬಿಡುವ ಕಡೆ ಒಂದು ಬೋಳು ಬಂಡೆ. ಅದನ್ನು ಸಿಡಿಸಿ ಜಲ್ಲಿ ಮಾಡಲು ಕ್ವಾರಿಯವರು ಕಾದಿದ್ದರು. ಅದಕ್ಕೆ ಮುಂಚೆ ಬುಡದ ಹೊಲದಲ್ಲಿ ಹಳೆಗಾಲದ್ದೇನಾದರೂ ಉಂಟೇ ಎಂದು ಅಗೆದು ನೋಡಲು ಇಲಾಖೆ ಸಂಗನಬಸಪ್ಪನನ್ನು ಕಳಿಸಿತ್ತು. ಸಂಜೆಯೊಳಗೆ ಏನೂ ಸಿಗದಿದ್ದರೆ ಮರುದಿನವೇ ಮದ್ದು.

ಹಲಸೂರಿನ ಬಾಡಿಗೆ ಮನೆಯಿಂದ ಹೊರಡುವಾಗ ಹೆಂಡತಿ ವಿಮಲಾಕ್ಷಿ ನಿತ್ಯದ ಮಂಗಳಾರತಿ ಎತ್ತಿದ್ದಳು: “ಊರ ಮಂದಿ ನೆಲಾ ಅಳೀತೀರಿ. ನಮಗೊಂದು ಸೈಟ್ ಯಾವಾಗ?”

ಸಂಗನಬಸಪ್ಪ ಗೂಟ ನೆಟ್ಟು, ಹುರಿ ಎಳೆದು, ಹೊಲವನ್ನು ಚೌಕಚೌಕವಾಗಿ ವಿಂಗಡಿಸಿದ. ಅಗೆಯುವ ಮುನ್ನ ಅವನ ಕಸುಬಿನ ಕ್ರಮವೇ ಅದು. ಆದರೆ ಆ ಸೀಮೆಯಲ್ಲಿ ಹೊಲಕ್ಕೆ ಹುರಿ ಬಿತ್ತೆಂದರೆ ಜನರಿಗೆ ಅರ್ಥ ಒಂದೇ: ಲೇಔಟ್.

ಮೊದಲು ಎಮ್ಮೆ ಕಾಯುತ್ತಿದ್ದ ಅಂಜಿನಮ್ಮ ಬಂದು ಮಗಳಿಗೊಂದು ಪೂರ್ವದ ಬಾಗಿಲಿನ ಸೈಟು ಕೇಳಿದಳು. ಹಿಂದೆಯೇ ಪಕ್ಕದ ಹೊಲದ ದೊಡ್ಡಮುನಿಯಪ್ಪ ನಲ್ಲಿ ನೀರಿನ ವಿಚಾರ ತೆಗೆದ. ಹೊರಮಾವಿನಿಂದ ಸ್ಕೂಟರಿನಲ್ಲಿ ಬಂದ ಬ್ರೋಕರ್ ಜಗದೀಶನಂತೂ ಏನೂ ಕೇಳದೆ, ಮದುವೆಮನೆಗೆ ಬಂದ ಸೋದರಮಾವನ ಹಾಗೆ ಚೌಕಗಳ ನಡುವೆ ಓಡಾಡತೊಡಗಿದ.

ಇದು ಲೇಔಟ್ ಅಲ್ಲವೆಂದು ಹೇಳಿ ಹೇಳಿ ಸಂಗನಬಸಪ್ಪನ ಗಂಟಲು ಒಣಗಿತು.

“ಅಲ್ಲ ಅಲ್ಲ ಅಂದಷ್ಟೂ ರೇಟು ಏರ್ತದೆ ಸಾಮಿ,” ಎಂದಳು ಅಂಜಿನಮ್ಮ. “ನಂಗೊತ್ತಿಲ್ವಾ?”

ಮಧ್ಯಾಹ್ನ ಮೂಲೆಯ ಚೌಕದಲ್ಲಿ ಮಣ್ಣು ಸರಿಸಿದಾಗ ಗುಂಡುಕಲ್ಲುಗಳ ಸುತ್ತೊಂದು ಕಂಡಿತು, ಕಟ್ಟೆಯ ಮೇಲೆ ಅಜ್ಜಂದಿರು ಸುಮ್ಮನೆ ಕೂತಂತೆ. ನಡುವೆ ಕಪ್ಪು ಮಡಕೆ, ಒಂದೆರಡು ಎಲುಬು. ಸಾವಿರಾರು ವರ್ಷದ ಹಿಂದೆ ಯಾರೋ ತಮ್ಮವರನ್ನು ಮಲಗಿಸಿದ ಗೋರಿ. ಬಿಸಿಲು ಹಾಲಿನಂತೆ ಹರಡಿತ್ತು. ರಸ್ತೆಯ ಸದ್ದು ಅಡಗಿ, ಅಜ್ಜಿ ನಸುಕಿನಲ್ಲಿ ಹೇಳುತ್ತಿದ್ದ ವಚನ ಅವನ ಕಿವಿಯಲ್ಲಿ ತೇಲಿ ಬಂತು. ಮಣ್ಣೊಳಗಿನವರೂ ಕೇಳುತ್ತಿದ್ದಾರೆ ಅನ್ನಿಸಿ, ಕಣ್ಣು ಮುಚ್ಚಿ ತಾನೂ ಗುನುಗಿದ.

“ಸಾರ್, ಈ ಮೂಲೆ ಹೆಂಗೆ?” ಜಗದೀಶ ಬೆನ್ನ ಹಿಂದೆ ಮೆಲ್ಲಗೆ ಕೇಳಿದ.

“ಭಾಳ ಛಲೋ ಜಾಗಾ,” ಎಂದ ಸಂಗನಬಸಪ್ಪ ಆ ಗುಂಗಿನಲ್ಲೇ. “ಇಲ್ಲಿಗೆ ಬಂದವರು ಮತ್ತ ಎದ್ದು ಹೋಗಂಗಿಲ್ಲ.”

ಕಣ್ಣು ತೆರೆದಾಗ ಸ್ಕೂಟರಿನ ಧೂಳಷ್ಟೇ ಉಳಿದಿತ್ತು.

ಎಸ್‌ಟಿಡಿ ಬೂತಿನಿಂದ ಇಲಾಖೆಯ ಸಾಹೇಬರಿಗೆ ಸುದ್ದಿ ಮುಟ್ಟಿಸಿದ. ಬಂಡೆಗೆ ಮದ್ದಿಡುವಂತಿಲ್ಲ, ಆ ಹೊಲದಲ್ಲಿ ಇನ್ನು ಒಂದು ಇಟ್ಟಿಗೆಯನ್ನೂ ಇಡುವಂತಿಲ್ಲ ಎಂದು ಅಲ್ಲಿಂದಲೇ ಅಪ್ಪಣೆಯಾಯಿತು. ಸಂಗನಬಸಪ್ಪ ಮೋಡದ ಮೇಲೆ ಕಾಲಿಟ್ಟವನಂತೆ ಮನೆಗೆ ಬಂದ.

ವಿಮಲಾಕ್ಷಿ ಬಾಗಿಲಲ್ಲೇ ಅವನ ಬಾಯಿಗೆ ಸಕ್ಕರೆ ಹಾಕಿದಳು. ಅವಳ ಕೈಯಲ್ಲಿ ಬಂಗಾರದ ಬಳೆ ಇರಲಿಲ್ಲ.

“ಸೈಟ್ ತಗೊಂಡ್ನಿರೀ. ಗುಡಿ ಮುಂದ ಜಗದೀಶ ಅಂತ ಒಬ್ರು ಸಿಕ್ಕಿದ್ರು. ಕೃಷ್ಣರಾಜಪುರದ ಆಚಿ ಬಂಡಿಗಲ್ಲಿನ ಬುಡಕ್ಕ, ಮೂಲಿ ಸೈಟು. ಸುತ್ತ ಕಲ್ಲಿನ ಕಂಪೌಂಡ್ ಸೈತ ಐತಂತ. ಯಾರೋ ದೈವಭಕ್ತ ಆಫೀಸರು ಅಲ್ಲೇ ಕಣ್ಣು ಮುಚ್ಚಿ ಮಂತ್ರ ಹೇಳಿ, ಇಲ್ಲಿಗೆ ಬಂದವರು ಎದ್ದು ಹೋಗಂಗಿಲ್ಲ ಅಂದ್ರಂತ. ಅವರ ಮಾತಿನ ಮ್ಯಾಲೇ ಬಳಿ ಬಿಚ್ಚಿ ಕೊಟ್ಟೆ.”

ಸಂಗನಬಸಪ್ಪ ಬಾಯಲ್ಲಿನ ಸಕ್ಕರೆ ನುಂಗಿ, ಚೀಲದಲ್ಲಿ ಉಳಿದಿದ್ದ ಬಿಳಿ ಹುರಿಯ ಉಂಡೆ ತೆಗೆದು ಹೊಸ್ತಿಲ ಮೇಲಿಟ್ಟ.

“ಗೃಹಪ್ರವೇಶ ಯಾವಾಗ ಇಟ್ಕೊಳ್ಳೋಣ್ರೀ?”

“ಅದು ಆಗಿಹೋಗೇತಿ,” ಎಂದ ಅವನು. “ಮೂರು ಸಾವಿರ ವರ್ಷದ ಹಿಂದ.”